ಮೀನಿಲ್ಲದ ತೊಟ್ಟಿ

ಜನವರಿ ೧೩, ಶನಿವಾರ

ಹೊಸ ಕ್ವಾರಂಟೈನ್ ತೊಟ್ಟಿಗೆ, ಅಂದರೆ ಹಿಡಿದು ತಂದ ಬಣ್ಣದ ಮೀನನ್ನು ಮಾರಾಟಕ್ಕೆ ಕಳಿಸುವ ಮುಂಚೆ ಹದಿನೈದು ದಿನ ಇರಿಸುವ ತೊಟ್ಟಿಗೆ, ಇವತ್ತು ಕಡಲ ನೀರು ತುಂಬಿಸಿದೆ. ಹಳೆಯದನ್ನು ಯಜಮಾನ ಫಮಾವ್ ಹೊರಗೆ ಹಾಕಿಸಿದರು, ಸ್ಪಂಜು ಕೊಳವೆ ಎಲ್ಲ ಸಮೇತ. ಅದರಲ್ಲಿ ವಿಷ ಕೂತಿರಬಹುದಂತೆ. ನೀರಿನ ಪರೀಕ್ಷೆ ಬರೆದಿಡಲು ನನಗೊಂದು ಪುಸ್ತಕ ಕೊಟ್ಟಿದ್ದಾರೆ. ಇದು ಅದಲ್ಲ. ಇದು ನನ್ನದು, ಅಕ್ಕಿ ಡಬ್ಬದ ಕೆಳಗೆ ಇರುವಂಥದ್ದು.

ನಡೆದದ್ದನ್ನು ಒಂದು ಸಲ ಬರೆದುಬಿಡುತ್ತೇನೆ. ಆಮೇಲೆ ಅದರ ತಂಟೆಗೆ ಹೋಗುವುದಿಲ್ಲ.

ಕಳೆದ ಸೋಮವಾರ ಮೀನುಗಾರಿಕೆ ಇಲಾಖೆಯವರ ತಪಾಸಣೆ ಇತ್ತು. ಹಿಂದಿನ ದಿನ ಮೀನುಮನೆ ಪೂರ್ತಿ ತೊಳೆಯಲಾಯಿತು. ನೆಲ, ಗೋಡೆ, ಬಕೆಟ್ಟು, ಅದರ ಜತೆಗೆ ತೊಟ್ಟಿಯ ಸ್ಪಂಜೂ ತೊಳೆಯಲ್ಪಟ್ಟಿತು. ನಲ್ಲಿ ನೀರು, ಎರಡು ಮುಚ್ಚಳ ಬ್ಲೀಚು. ಬೆಳ್ಳಗಾಗುವವರೆಗೆ ಹಿಂಡಲಾಯಿತು. ನವೆಂಬರಿನಲ್ಲಿ ಆ ತೊಟ್ಟಿ ನನ್ನ ಕೈಗೆ ಬಂದಾಗ, ಮೊದಲು ನೋಡಿಕೊಳ್ಳುತ್ತಿದ್ದವನು ಹೋಗುವ ಮುಂಚೆ ಹೇಳಿದ್ದ: "ಅಕ್ಕ, ಸ್ಪಂಜನ್ನ ನಲ್ಲಿ ನೀರಿಗೆ ಹಿಡೀಬೇಡಿ. ತೊಟ್ಟಿ ನೀರಲ್ಲೇ ಜಾಲಾಡಿ ಬಿಡಿ, ಸಾಕು." ಗಂಡಸರ ಸೋಮಾರಿತನ ಎಂದುಕೊಂಡಿದ್ದೆ. ಹನ್ನೊಂದು ವರ್ಷದಿಂದ ಈ ಮೀನುಮನೆಯನ್ನು ಗುಡಿಸಿ ಸಾರಿಸಿದವಳಿಗೆ ಕೊಳೆ ಎಂದರೇನು ಎಂದು ಅವನು ಹೇಳಿಕೊಡಬೇಕೇ!

ಸೋಮವಾರ ಸಂಜೆ ಹತೀಬು ಹವಳದ ದಿಬ್ಬದಿಂದ ನಲವತ್ತಮೂರು ಮೀನು ತಂದ. ಹತೀಬು ನನ್ನ ತಂಗಿ ರಿಜಿಕಿಯ ಗಂಡ, ಈ ದಂಡೆಯಲ್ಲಿ ಅವನಷ್ಟು ಮೆತ್ತಗೆ ಮೀನು ಹಿಡಿಯುವ ಮುಳುಗುಗಾರ ಇನ್ನೊಬ್ಬನಿಲ್ಲ. ಗುರುವಾರ ಬೆಳಿಗ್ಗೆ ನಲವತ್ತಮೂರೂ ಹೊಟ್ಟೆ ಮೇಲು ಮಾಡಿ ತೇಲುತ್ತಿದ್ದವು.

ಫಮಾವ್ ಓಡಿ ಬಂದರು. ಸೀಸೆಯಲ್ಲಿ ನೀರು ಹಿಡಿದು, ಅಮೋನಿಯ ಎಂಬ ವಿಷ ಇದ್ದರೆ ಹಸಿರಾಗುವ ಮದ್ದಿನ ಹನಿ ಹಾಕಿದರು. ಕಡು ಹಸಿರು.

"ಜೈತೂನಿ, ಸ್ಪಂಜಿಗೆ ಏನಾದ್ರೂ ಮಾಡಿದ್ಯಾ?"

"ಇಲ್ಲ ಯಜಮಾನ್ರೆ. ಇದ್ದ ಹಾಗೇ ಇದೆ."

ಅವರು ಎತ್ತಿ ಕೂಡ ನೋಡಲಿಲ್ಲ. ನನ್ನ ಮಾತಿಗೆ ಇಲ್ಲಿ ಅಷ್ಟು ಬೆಲೆ. ಹಾಗಾದರೆ ಸತ್ತ ಮೀನಿಂದಲೇ ನೀರು ಕೆಟ್ಟಿದೆ, ಮೀನು ಬೇರೆ ಯಾವುದರಿಂದಲೋ ಸತ್ತಿವೆ ಎಂದರು. ಮಧ್ಯಾಹ್ನದೊಳಗೆ ದಂಡೆಯಲ್ಲಿ ಒಂದೇ ಮಾತು: ಹತೀಬು ದಿಬ್ಬದ ಸಂದಿಗೆ ವಿಷ ಚಿಮುಕಿಸಿ ಮೀನು ಹಿಡಿದಿದ್ದಾನೆ. ಶುಕ್ರವಾರ ಮುಳುಗುಗಾರರ ಸಂಘದವರು ಅವನ ಬಲೆ, ಕಾಲಿನ ರೆಕ್ಕೆ, ಕನ್ನಡಕ ಎಲ್ಲ ತೆಗೆದುಕೊಂಡು ಹೋದರು. ವಿಷ ಹಾಕುವವನಿಗೆ ನಮ್ಮಲ್ಲಿ ಕಡಲಿಲ್ಲ.

ಬರೆದಾಯಿತು. ಮುಗಿಯಿತು.

ಜನವರಿ ೧೬, ಮಂಗಳವಾರ

ಹೊಸ ತೊಟ್ಟಿಯಲ್ಲಿ ಮೀನಿಲ್ಲ, ಒಂದು ಸತ್ತ ಸೀಗಡಿ ಇದೆ. ಅದು ಕೊಳೆಯಬೇಕು. ಕೊಳೆತದ್ದರಿಂದ ಅಮೋನಿಯ ಹುಟ್ಟಬೇಕು, ಅದನ್ನು ತಿನ್ನುವ ಕಣ್ಣಿಗೆ ಕಾಣದ ಜೀವಗಳು ತಾವಾಗಿ ಬಂದು ಸ್ಪಂಜಿನಲ್ಲಿ ಮನೆ ಮಾಡಬೇಕು. ಅವು ಬಿಟ್ಟದ್ದೂ ಮೀನಿಗೆ ವಿಷವೇ, ಅದಕ್ಕೆ ನೈಟ್ರೈಟ್ ಅಂತೆ. ಅದನ್ನು ತಿನ್ನಲು ಇನ್ನೊಂದು ಜಾತಿಯ ಜೀವ ಬರಬೇಕು. ಆರು ವಾರ ಬೇಕು ಎಂದು ಫಮಾವ್ ಹೇಳಿದರು. ನನಗೆ ಇದನ್ನೆಲ್ಲ ವಿವರಿಸುವಾಗ ಎಳೆ ಮಗುವಿಗೆ ಹೇಳಿದಂತೆ ಹೇಳಿದರು. "ಮುಖ್ಯ ಏನಪ್ಪಾ ಅಂದ್ರೆ, ಸ್ಪಂಜನ್ನ ನಲ್ಲಿ ನೀರಿಗೆ ತೋರಿಸ್ಬಾರ್ದು. ನಿನಗೆ ಗೊತ್ತಲ್ಲ, ನೀನು ಹಾಗೆಲ್ಲ ಮಾಡೋಳಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಎರಡು ಕೈಯನ್ನೂ ಬಟ್ಟೆಯಲ್ಲಿ ಮುಚ್ಚಿಕೊಂಡೆ.

ಜನವರಿ ೧೯, ಶುಕ್ರವಾರ

ಸೀಗಡಿ ನಾರುತ್ತಿದೆ. ಮೀನನ್ನು ಚೀಲಕ್ಕೆ ತುಂಬಿಸುವ ಕೆಲಸದ ಮಿಶಿ ಮೂಗಿಗೆ ಸೆರಗು ಹಿಡಿದು ಬಂದಳು. "ಜೈತೂನಕ್ಕ, ನೀವು ಕೊಳೆ ಸಾಕೋದು ಅಂದ್ರೆ ಬೆಕ್ಕು ಇಲೀಗೆ ಹಾಲು ಕುಡಿಸ್ದಂಗೆ! ಪ್ರಪಂಚ ಮುಳುಗೋ ಕಾಲ ಬಂತು."

"ನಿನ್ನ ಕೆಲಸ ನೋಡ್ಕೊ ಹೋಗೆ."

"ನೋಡ್ಕೊಳ್ಳೋಕೆ ಕೆಲಸ ಎಲ್ಲಿದೆ? ನಿಮ್ಮ ಭಾವ ಮೀನೆಲ್ಲ ಕೊಂದ್ನಲ್ಲ."

ಹತೀಬು ನನಗೆ ಭಾವನಲ್ಲ, ತಂಗಿಯ ಗಂಡ ಎಂದು ತಿದ್ದಿದೆ. ತಿದ್ದಬೇಕಾಗಿದ್ದ ಮಾತು ಅದಾಗಿರಲಿಲ್ಲ.

ಜನವರಿ ೨೩, ಮಂಗಳವಾರ

ಸೀಸೆ ಕಡು ಹಸಿರು, ಅವತ್ತಿನದೇ ಹಸಿರು. ಈ ಸಲ ಅದು ಸರಿಯಾದ ದಾರಿಯಂತೆ.

ಬರುವಾಗ ಹತೀಬುವನ್ನು ಕಂಡೆ. ಕೈಗಾಡಿಯಲ್ಲಿ ನೀರಿನ ಕ್ಯಾನು ಹೇರಿಕೊಂಡು ಮನೆಮನೆಗೆ ಹಾಕುತ್ತಿದ್ದಾನೆ. ಹದಿನಾರು ವರ್ಷದಿಂದ ಕಡಲಲ್ಲಿ ಇದ್ದವನ ಕಾಲು ಮರಳಿನಲ್ಲಿ ಹೂತು ಹೋಗುತ್ತಿದ್ದವು. "ಅಕ್ಕ, ಆರಾಮಾ?" ಎಂದ. ಆರಾಮು ಎಂದೆ. ಅವನು ಗಾಡಿ ತಳ್ಳಿಕೊಂಡು ಹೋಗುವ ತನಕ ಚಪ್ಪಲಿಯ ಉಂಗುಷ್ಠ ಸರಿಮಾಡುವವಳಂತೆ ಬಗ್ಗಿಯೇ ನಿಂತಿದ್ದೆ.

ಜನವರಿ ೨೪, ಬುಧವಾರ

ಹೇಳಿದರೆ ಏನಾಗುತ್ತದೆ? ನನ್ನ ಕೆಲಸ ಹೋಗುತ್ತದೆ. ಗಂಡ ಸತ್ತ ಮೇಲೆ ಈ ಕೆಲಸದಿಂದಲೇ ನಿಂತಿದ್ದೇನೆ. ರಿಜಿಕಿಯನ್ನು ಎಂಟು ವರ್ಷದವಳಿದ್ದಾಗಿನಿಂದ ನಾನೇ ಸಾಕಿದ್ದು. ನಾನು ಬಿದ್ದರೆ ಅವಳಿಗೂ ನೆರಳಿಲ್ಲ.

ಇದನ್ನು ಬರೆದು ಓದಿಕೊಂಡೆ. ಬಹಳ ಚೆನ್ನಾಗಿದೆ. ಇಷ್ಟು ಚೆನ್ನಾಗಿ ಇರಬಾರದಿತ್ತು.

ಫೆಬ್ರವರಿ ೧, ಗುರುವಾರ

ತೊಟ್ಟಿಯ ಗಾಜಿನ ಮೇಲೆ ಕಂದು ಬಣ್ಣದ ತೆಳು ಪೊರೆ ಬಂದಿದೆ. ಬಟ್ಟೆ ತೆಗೆದುಕೊಂಡು ಒಂದು ಮೂಲೆ ಒರೆಸಿಯೂ ಬಿಟ್ಟೆ, ಆಮೇಲೆ ಕೈ ಹಿಂದಕ್ಕೆ ತೆಗೆದೆ. ಸ್ಪಂಜು ಕೂಡ ಬೆಲ್ಲದ ಬಣ್ಣಕ್ಕೆ ತಿರುಗುತ್ತಿದೆ. ನೈಟ್ರೈಟ್ ಸೀಸೆ ಮೊದಲ ಸಲ ನಸುಗೆಂಪಾಯಿತು. ಫಮಾವ್‌ಗೆ ತೋರಿಸಿದೆ. "ಭೇಷ್, ಒಂದನೇ ಜಾತಿಯವು ಬಂದ್ವು" ಎಂದರು. ಹೆಮ್ಮೆಯಾಯಿತು. ಹೆಮ್ಮೆಯಾದದ್ದಕ್ಕೆ ನಾಚಿಕೆಯಾಯಿತು.

ಫೆಬ್ರವರಿ ೬, ಮಂಗಳವಾರ

ದಾರಿ ಸಿಕ್ಕಿತು! ಹಿಟ್ಟು ನಾದುವಾಗ ಹೊಳೆಯಿತು.

ತೊಟ್ಟಿಯನ್ನು ಸರಿಯಾಗಿ ಸಿದ್ಧ ಮಾಡುತ್ತೇನೆ. ಸಿದ್ಧವಾದ ಮೇಲೆ ಹತೀಬುವಿನ ಕೈಲೇ ಮೊದಲ ಮೀನು ತರಿಸುವುದು. ತೊಟ್ಟಿ ಸರಿಯಿದ್ದರೆ ಮೀನು ಬದುಕುತ್ತವೆ. ಮೀನು ಬದುಕಿದರೆ ಅವನು ವಿಷ ಹಾಕುವವನಲ್ಲ ಎಂದು ಎಲ್ಲರೂ ಕಣ್ಣಾರೆ ನೋಡುತ್ತಾರೆ. ಅವನ ಬಲೆ ಅವನಿಗೆ, ನನ್ನ ಮಾನ ನನಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಫಮಾವ್‌ಗೆ ಇದನ್ನು ಹೇಳಿ, ತಮ್ಮದೇ ಯೋಚನೆ ಎಂಬಂತೆ ಸಂಘದ ಹಿರಿಯ ಚಿತೆಂಬೆ ಅಜ್ಜನ ಕಿವಿಗೆ ಹಾಕಿ ಎಂದೆ. "ಒಳ್ಳೇ ಯೋಚ್ನೆ ಜೈತೂನಿ, ನಿನ್ನ ಮನಸ್ಸು ದೊಡ್ಡದು" ಎಂದರು. ಆ ಮಾತನ್ನು ಮನೆಯ ತನಕ ಹೊತ್ತುಕೊಂಡು ಬಂದೆ, ಇಳಿಸಲು ಜಾಗ ಸಿಗಲಿಲ್ಲ.

ಫೆಬ್ರವರಿ ೧೧, ಭಾನುವಾರ

ರಿಜಿಕಿಯ ಮನೆಗೆ ತೆಂಗಿನಹಾಲಿನ ಅನ್ನ, ಮರಗೆಣಸು ತೆಗೆದುಕೊಂಡು ಹೋದೆ. ಅವಳ ದೊಡ್ಡ ಮಗಳು ಮದರಸಾಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳು. "ವಿಷದವನ ಮಗಳು" ಅಂತಾರಂತೆ.

"ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತ ಪಕ್ಕದ ಮನೆಯವಳೂ ನನ್ನ ಮುಖಕ್ಕೇ ಅಂದ್ಳು ಅಕ್ಕ" ಎಂದಳು ರಿಜಿಕಿ.

"ಅವಳ ನಾಲಿಗೆಗೆ ಹುಳ ಬೀಳ" ಎಂದೆ. ಬಹಳ ಜೋರಾಗಿ ಎಂದೆ.

ಹತೀಬು ಒಳಗೆ ಊಟಕ್ಕೆ ಕೂತಿದ್ದ. ರಿಜಿಕಿ ಅವನ ತಟ್ಟೆಗೆ ಬಡಿಸಿ ಅವನ ಮುಖ ನೋಡದೆ ಹೊರಗೆ ಬಂದಳು. ಪಾಪ, ಗಂಡನ ಸಂಕಟ ನೋಡಲಾಗುತ್ತಿಲ್ಲ ಅವಳಿಗೆ.

ತೊಟ್ಟಿಯನ್ನು ಆದಷ್ಟು ಬೇಗ ಆಗಿಸಬೇಕು. ಅದು ಬೇಗ ಆಗುವಂಥದ್ದಲ್ಲ. ಇನ್ನೊಂದು ಸೀಗಡಿ ಹಾಕಲೇ ಎಂದು ಕೇಳಿದ್ದಕ್ಕೆ ಫಮಾವ್ ನಕ್ಕರು.

ಫೆಬ್ರವರಿ ೧೭, ಶನಿವಾರ

ಅಮೋನಿಯ ಸೀಸೆ ಹಳದಿ, ಅಂದರೆ ಖಾಲಿ. ನೈಟ್ರೈಟ್ ಸೀಸೆ ಇನ್ನೂ ನೇರಳೆ, ಅಂದರೆ ಅದು ಹೋಗಿಲ್ಲ. ಮೀನುಮನೆ ಗುಡಿಸದೆ ಮೂರು ದಿನವಾಗಿದೆ ಎಂದು ಮಿಶಿ ಹೇಳಿದ ಮೇಲೇ ಗೊತ್ತಾದದ್ದು.

ಫೆಬ್ರವರಿ ೨೪, ಶನಿವಾರ

ನಿನ್ನೆ ಫಮಾವ್ ಸೀಸೆಯಿಂದ ಅಳತೆ ಮಾಡಿ ಅಮೋನಿಯ ಹನಿಸಿದರು. ಇವತ್ತು ಅದೇ ಹೊತ್ತಿಗೆ ನೋಡಿದರೆ ಅಮೋನಿಯ ಇಲ್ಲ, ನೈಟ್ರೈಟೂ ಇಲ್ಲ. ಒಂದು ದಿನದಲ್ಲಿ ಎಲ್ಲ ತಿಂದು ಹಾಕಿವೆ. ತೊಟ್ಟಿ ಸಿದ್ಧ.

ಸ್ಪಂಜಿನ ಹತ್ತಿರ ಮುಖವಿಟ್ಟು ಬಹಳ ಹೊತ್ತು ನೋಡಿದೆ. ಏನೂ ಕಾಣುವುದಿಲ್ಲ. ಕೊಳಕು ಕಂದು ಸ್ಪಂಜು, ಗುಳ್ಳೆ. ನಾನು ಅವತ್ತು ನಲ್ಲಿ ಕೆಳಗೆ ಹಿಡಿದು ಹಿಂಡಿದ ಸ್ಪಂಜಿನಲ್ಲೂ ಇಷ್ಟೇ ಜೀವ ಇತ್ತು. ಮೀನು ನಲವತ್ತಮೂರು ಎಂದು ಎಣಿಸಿದೆವು. ಇವನ್ನು ಎಣಿಸಿದವರಿಲ್ಲ.

ಫೆಬ್ರವರಿ ೨೫, ಭಾನುವಾರ

ಸಂಘ ಒಪ್ಪಿತು, ಒಂದು ದಿನದ ಮಟ್ಟಿಗೆ ಬಲೆ ಕೊಟ್ಟಿತು. ಚಿತೆಂಬೆ ಅಜ್ಜನೇ ದೋಣಿಯಲ್ಲಿ ಕೂತು, ಹತೀಬು ಮುಳುಗಿ ಏಳುವುದನ್ನು ಕಾಯ್ದು, ಹಿಂದಕ್ಕೆ ಕರೆತಂದ. ಇಪ್ಪತ್ತು ಮೀನು. ಹತೀಬು ಬಕೆಟ್ಟಿನಿಂದ ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ನನಗೆ ಕೊಟ್ಟ. ಅವನ ತೋಳಿನ ಮೇಲೆ ಉಪ್ಪು ಒಣಗಿತ್ತು, ಮುಖದಲ್ಲಿ ನಗು ಇತ್ತು.

"ಅಕ್ಕ, ಇವು ನಿಮ್ಮ ಕೈಲಿವೆ. ನನಗೆ ಭಯ ಇಲ್ಲ" ಎಂದ.

ಮಾರ್ಚ್ ೨, ಶನಿವಾರ

ಇಪ್ಪತ್ತೂ ಇವೆ. ತಿನ್ನುತ್ತಿವೆ.

ಮಾರ್ಚ್ ೮, ಶುಕ್ರವಾರ

ಹನ್ನೆರಡು ದಿನ. ಇಪ್ಪತ್ತಕ್ಕೆ ಇಪ್ಪತ್ತು. ಇವತ್ತು ನಮಾಜಿನ ನಂತರ ಸಂಘದವರು ಮೀನುಮನೆಗೆ ಬಂದು ನೋಡಿದರು. ನಾನು ಬಾಗಿಲ ಪಕ್ಕ ನಿಂತು ಅವರ ಬಾಯಿಂದ ಬರಬೇಕಾದ ಮಾತಿಗೆ ಕಾಯುತ್ತಿದ್ದೆ.

ಚಿತೆಂಬೆ ಅಜ್ಜ ಗಾಜಿಗೆ ಬೆರಳು ತಟ್ಟಿ ತಲೆದೂಗಿದ. "ನೋಡ್ರಪ್ಪಾ. ವಿಷ ಹಾಕದೆ ಹಿಡಿದ್ರೆ ಮೀನು ಹೆಂಗೆ ಬದುಕ್ತವೆ ಅಂತ! ಹುಡುಗನಿಗೆ ಬುದ್ಧಿ ಬಂತು."

ಎಲ್ಲರೂ ಹೌದು ಹೌದು ಎಂದರು. ರಮದಾನ್ ತಿಂಗಳು ಬರುತ್ತಿದೆ, ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಹೊತ್ತು. ಭಾನುವಾರ ಹತೀಬು ಎಲ್ಲರ ಮುಂದೆ ನಿಂತು ತಪ್ಪಾಯಿತು ಎನ್ನಲಿ, ಬಲೆ ಕೊಟ್ಟುಬಿಡೋಣ ಎಂದು ತೀರ್ಮಾನ ಮಾಡಿದರು. ಫಮಾವ್ ನನ್ನ ಬೆನ್ನು ತಟ್ಟಿದರು.

ನನ್ನ ತೊಟ್ಟಿ ಅವನನ್ನು ಬಿಡಿಸಲಿಲ್ಲ. ಮೊದಲು ಬರೀ ಅನುಮಾನ ಇತ್ತು, ಈಗ ರುಜುವಾತು ಆಯಿತು. ನಾನು ಆರು ವಾರ ಕೂತು ಅವನ ವಿರುದ್ಧ ಸಾಕ್ಷಿ ಬೆಳೆಸಿದೆ.

ಮಾರ್ಚ್ ೯, ಶನಿವಾರ

ಬೆಳಿಗ್ಗೆ ಕ್ಷಮೆ ಕೇಳಲು ರಿಜಿಕಿಯ ಮನೆಗೆ ಹೋದೆ. ಎಲ್ಲರೂ ಎಲ್ಲರ ಮನೆಗೂ ಹೋಗುತ್ತಾರಲ್ಲ, ಹಾಗೆ. ಹತೀಬು ಅಂಗಳದಲ್ಲಿ ಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ.

"ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊ ಹತೀಬು."

"ಹಾಕ್ಕೊಂಡೆ ಅಕ್ಕ. ನೀವೂ ನನ್ನದನ್ನ ಹಾಕ್ಕೊಳ್ಳಿ."

"ನಾಳೆ ನಿಂತು ಕೇಳ್ತೀಯಾ?"

"ಏನ್ಮಾಡ್ಲಿ? ಮಾಡ್ಲಿಲ್ಲ ಮಾಡ್ಲಿಲ್ಲ ಅಂತ ಎರಡು ತಿಂಗಳು ಬಾಯಿ ಬಡ್ಕೊಂಡೆ. ಮಾಡ್ದೆ ಅಂದ್ರೆ ಕಡಲು ಸಿಗುತ್ತೆ. ಮಕ್ಕಳಿದಾರೆ. ಅಂತೀನಿ."

ಅವನು ಕ್ಷಮಿಸಿದ್ದಾನೆ. ಬಾಯಿಬಿಟ್ಟು ಹೇಳಿದ್ದಾನೆ. ಮನೆಗೆ ಬರುವ ತನಕ ಇದನ್ನೇ ಜಪಿಸಿದೆ. ಕಳ್ಳಿ ನಾನು, ಏನನ್ನು ಕ್ಷಮಿಸುತ್ತಿದ್ದೇನೆ ಎಂದು ಗೊತ್ತಿಲ್ಲದವನ ಕೈಯಿಂದ ಕ್ಷಮೆ ಹೊಡೆದುಕೊಂಡು ಬಂದಿದ್ದೇನೆ.

ಮಾರ್ಚ್ ೧೦, ಭಾನುವಾರ

ಇವತ್ತಿನದನ್ನು ಬರೆಯದೆ ಬಿಡಬಹುದು. ಆದರೂ ಬರೆಯುತ್ತೇನೆ.

ಮೀನುಮನೆಯ ಅಂಗಳದಲ್ಲಿ ಚಾಪೆ ಹಾಸಿದ್ದರು. ಸಂಘದವರು, ಅವರ ಹೆಂಗಸರು, ಫಮಾವ್, ಮಿಶಿ, ಎಲ್ಲರೂ ಇದ್ದರು. ಹದಿನೈದು ದಿನ ತುಂಬಿದ ಮೀನುಗಳನ್ನು ಬೆಳಿಗ್ಗೆಯೇ ಹೊರಗಿನ ತೊಟ್ಟಿಗೆ ಬಿಟ್ಟಾಗಿತ್ತು. ಹತೀಬು ಎದ್ದು ನಿಂತು ಟೋಪಿ ಸರಿಮಾಡಿಕೊಂಡ. "ಹಿರಿಯರೆ, ನನ್ನಿಂದ ತಪ್ಪಾ..." ಎಂದ.

ಅಷ್ಟಕ್ಕೆ ನಾನು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು.

"ಅವನು ಮಾಡಿಲ್ಲ. ಮೀನು ಕೊಂದವಳು ನಾನು. ತಪಾಸಣೆಗೆ ಹಿಂದಿನ ದಿನ ಸ್ಪಂಜನ್ನ ನಲ್ಲಿ ನೀರಲ್ಲಿ ಬ್ಲೀಚು ಹಾಕಿ ತೊಳೆದೆ. ಯಜಮಾನ್ರು ಕೇಳಿದಾಗ ಇಲ್ಲ ಅಂದೆ."

ಆಮೇಲೆ ನಡೆದದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಚಿತೆಂಬೆ ಅಜ್ಜ ನಕ್ಕ, ಬಹಳ ಮಮತೆಯಿಂದ ನಕ್ಕ.

"ಕೂತ್ಕೊ ಮಗಳೆ. ತಂಗಿ ಸಂಸಾರ ಉಳಿಸೋಕೆ ನೀನು ಸುಳ್ಳು ಹೇಳ್ತಿದೀಯ. ನಿನ್ನ ಕೈಯಲ್ಲಿ ತಪ್ಪು ನಡೆಯುತ್ತೆ ಅಂದ್ರೆ ಈ ದಂಡೆ ಮೇಲೆ ಒಂದು ಕಾಗೆ ನಂಬಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆ ತಾನೇ ಬಂದು ಬರೆ ಹಾಕಿ ಅಂತಿದೆ ನೋಡಿ" ಎಂದಳು ಮಿಶಿ. ಸುತ್ತ ನಗು ಎದ್ದಿತು. ಹತೀಬು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಕ್ಕ, ಬೇಡ. ನನ್ನ ಸಲುವಾಗಿ ನಿಮ್ಮ ಹೆಸರು ಕೆಡಿಸ್ಕೋಬೇಡಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅವನು ನನಗೆ ಕೃತಜ್ಞನಾಗಿದ್ದ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಒಳಗೆ ಹೋಗಿ ತೊಟ್ಟಿಯಿಂದ ಸ್ಪಂಜು ಕಿತ್ತು ತಂದೆ. ಅಂಗಳದ ನಲ್ಲಿ ತಿರುಗಿಸಿದೆ. ಫಮಾವ್ "ಏಯ್ ಜೈತೂನಿ!" ಎಂದು ಕೂಗಿದರು. ಬಕೆಟ್ಟಿಗೆ ಎರಡು ಮುಚ್ಚಳ ಬ್ಲೀಚು ಹಾಕಿ, ಅವತ್ತು ಮಾಡಿದ ಹಾಗೆಯೇ, ನೆನೆಸಿ ಹಿಂಡಿದೆ. ಕಂದು ನೀರು ಚಾಪೆಯ ಅಂಚಿನ ತನಕ ಹರಿಯಿತು. ಮತ್ತೆ ತೊಳೆದೆ, ಮತ್ತೆ ಹಿಂಡಿದೆ. ನನ್ನ ಕೈಗೆ ಆ ಕೆಲಸ ಎಷ್ಟು ಚೆನ್ನಾಗಿ ಗೊತ್ತು ಎಂದು ಎಲ್ಲರೂ ನೋಡಿದರು. ನಗು ನಿಂತಿತ್ತು. ಬೆಳ್ಳಗಾದ ಸ್ಪಂಜನ್ನು ತೊಟ್ಟಿಗೆ ಹಾಕಿ, ಗಾಜನ್ನೂ ಉಜ್ಜಿ, ಫಮಾವ್ ಕಡೆ ತಿರುಗಿದೆ.

"ತೊಟ್ಟಿ ಸಿದ್ಧವಾಯ್ತಾ ಅಂತ ನೋಡೋಕೆ ಹಾಕಿದಷ್ಟೇ ಅಮೋನಿಯ ಹನಿ ಹಾಕಿ ಯಜಮಾನ್ರೆ. ಅವತ್ತು ಒಂದೇ ದಿನಕ್ಕೆ ಹೋಗಿತ್ತು. ನಾಳೆ ಇದೇ ಹೊತ್ತಿಗೆ ಎಲ್ಲರೂ ಬಂದು ನೋಡಿ."

ಫಮಾವ್ ಹಾಕಿದರು. ನನ್ನ ಮುಖ ನೋಡಲಿಲ್ಲ. ಅವರಿಗೆ ಆಗಲೇ ತಿಳಿದಿತ್ತು.

ಮಾರ್ಚ್ ೧೧, ಸೋಮವಾರ

ಕಡು ಹಸಿರು.

ಸೀಸೆ ಕೈಯಿಂದ ಕೈಗೆ ಹೋಯಿತು. ಚಿತೆಂಬೆ ಅಜ್ಜ ಬೆಳಕಿಗೆ ಹಿಡಿದು ನೋಡಿ, ಹತೀಬುವಿನ ಬಲೆ ತರಲು ಯಾರನ್ನೋ ಕಳಿಸಿದ. ನನ್ನನ್ನು ಮಗಳೆ ಎನ್ನಲಿಲ್ಲ. ಮಿಶಿ ಎದುರು ಸಿಕ್ಕಿದವಳು ಗೋಡೆಯ ಬದಿಗೆ ಸರಿದಳು.

ಫಮಾವ್ ಕೆಲಸದಿಂದ ತೆಗೆಯಲಿಲ್ಲ. ಬೀಗದ ಕೈ ಮಾತ್ರ ತೆಗೆದುಕೊಂಡರು. "ನಾಳೆಯಿಂದ ಮತ್ತೆ ಶುರು ಮಾಡು. ಸೀಸೆ ನಾನು ನೋಡ್ತೀನಿ, ನೀನು ಹೇಳೋದು ಬೇಡ" ಎಂದರು.

ಹತೀಬು ಬಲೆ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದವನು ತಿರುಗಿ ನಿಂತ. ನಿನ್ನೆ ನನ್ನನ್ನು ಕಾಪಾಡಲು ಬಂದವನು ಇವತ್ತು ಯಾರೋ ಪರಸ್ಥಳದವಳನ್ನು ನೋಡುವಂತೆ ನೋಡಿದ. "ಶನಿವಾರ ನನ್ನ ಅಂಗಳಕ್ಕೆ ಬಂದು ಕ್ಷಮೆ ಕೇಳಿದ್ರಿ" ಎಂದ. ಅಷ್ಟೇ ಎಂದು ಹೋದ.

ಮಾರ್ಚ್ ೧೩, ಬುಧವಾರ

ನಿನ್ನೆಯಿಂದ ಉಪವಾಸ. ಹೊಸ ಸೀಗಡಿ ಹಾಕಿದ್ದೇನೆ. ಹತೀಬು ಇವತ್ತು ಕಡಲಿಗೆ ಹೋದನಂತೆ.

ಉಪವಾಸ ಬಿಡುವ ಹೊತ್ತಿಗೆ ರಿಜಿಕಿ ಬಂದಳು. ಖರ್ಜೂರ ಕೊಟ್ಟೆ, ಮುಟ್ಟಲಿಲ್ಲ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ.

"ಬೈಯೋಕೆ ಬಂದಿಲ್ಲ" ಎಂದಳು. "ಅವನ ಬಲೆ ಕಿತ್ಕೊಂಡು ಹೋದ ದಿನ, ನಾನು ಅವನ ಚೀಲ ಹುಡುಕಿದೆ ಅಕ್ಕ. ವಿಷದ ಸೀಸೆ ಸಿಗುತ್ತೇನೋ ಅಂತ. ಚೀಲ, ಪೆಟ್ಟಿಗೆ, ಅಕ್ಕಿ ಮಡಕೆ, ಎಲ್ಲ. ತಿರುಗಿ ನೋಡ್ತೀನಿ, ಬಾಗಿಲಲ್ಲಿ ನಿಂತಿದಾನೆ. ಒಳಗೆ ಬಂದು ಹಾಸಿಗೆ ಎತ್ತಿ ಹಿಡ್ಕೊಂಡ. ಕೆಳಗೂ ನೋಡ್ಲಿ ಅಂತ."

"ನೀನು ನೋಡ್ದೆಯಾ?"

"ನೋಡ್ದೆ."

ಅವಳು ಅಳಲಿಲ್ಲ. "ನೀನು ಎಲ್ಲರ ಮುಂದೆ ಸ್ಪಂಜು ಹಿಂಡಿ ತೋರಿಸ್ದೆ. ಈಗ ನಾನು ಅವನಿಗೆ ಏನು ತೋರಿಸ್ಲಿ?" ಎಂದು ಕೇಳಿದಳು. ಮಕ್ಕಳು ಕಾಯುತ್ತವೆ ಎಂದು ಎದ್ದು ಹೋದಳು.

ನಾಳೆ ದೋಣಿ ಬರುವ ಹೊತ್ತಿಗೆ ದಂಡೆಗೆ ಹೋಗುತ್ತೇನೆ. ನನ್ನ ಸುಳ್ಳಿನಿಂದ ಅವಳ ಕೈಲಿ ಆ ಮನೆ ಹುಡುಕಿಸಿದವಳೂ ನಾನೇ ಎಂದು ಹತೀಬುವಿಗೆ ಹೇಳಬೇಕು. ಕ್ಷಮೆ ಕೇಳುವುದಿಲ್ಲ. ಅವನು ನಿಂತು ಕೇಳಿಸಿಕೊಂಡರೆ ಸಾಕು.